ಯಾವ ಬಾಗಿಲಿಗೆ ಬೀಗ ಬೀಳುತ್ತಿಲ್ಲ?

"ಎಂಜಿನ್ ನಿಲ್ಲುತ್ತಿಲ್ಲ" ಎಂದೆ. ಕೆಳಮನೆಯ ಅಜ್ಜ ಎಂಜಿನ್ನಿನ ಕಡೆ ತಿರುಗಿಯೂ ನೋಡದೆ, "ಯಾವ ಬಾಗಿಲಿಗೆ ಬೀಗ ಬೀಳುತ್ತಿಲ್ಲ?" ಎಂದು ಕೇಳಿದ.

ಇದು ನಡೆದದ್ದು ಭಾನುವಾರ ಸಂಜೆ. ವಾರ ಮುಗಿಯುತ್ತಾ ಬಂದರೂ ಆ ಪ್ರಶ್ನೆ ತಲೆಯಿಂದ ಇಳಿದಿಲ್ಲ. ಕೀಲಿ ನನ್ನ ಅಂಗೈಯಲ್ಲಿತ್ತು, ಕಾರಿನೊಳಗೆ ಯಾರೂ ಇರಲಿಲ್ಲ, ಆದರೂ 1983ರ ನನ್ನ ಮರ್ಸಿಡಿಸ್ 240ಡಿ ಗಡಗಡ ಎನ್ನುತ್ತಲೇ ಇತ್ತು. ಸ್ಟುಟ್‌ಗಾರ್ಟ್ ಬಳಿಯ ಬ್ಯೋಬ್ಲಿಂಗನ್‌ನಲ್ಲಿ ಭಾನುವಾರ ಸದ್ದು ಮಾಡುವುದೆಂದರೆ ಏನೆಂದು ಜರ್ಮನಿಯಲ್ಲಿ ಇದ್ದು ಬಂದವರಿಗೆ ಹೇಳಬೇಕಿಲ್ಲ. ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕುವುದಕ್ಕೂ ಸೋಮವಾರದವರೆಗೆ ಕಾಯುವ ಜನ. ಎದುರುಮನೆಯ ಪರದೆ ಸರಿಯಿತು, ಮುಚ್ಚಿತು, ಮತ್ತೆ ಸರಿಯಿತು. ನನ್ನ ಹೆಂಡತಿ ಬಾಲ್ಕನಿಯಿಂದಲೇ "ಇನ್ನೂ ಎಲ್ಲಾದರೂ ಹೋಗುವುದಿದೆಯೇ?" ಎಂದಳು. ಈ ಕಾರಿನ ಮೇಲೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಅಜ್ಜ ಆಯುಷ್ಯವೆಲ್ಲ ವರ್ಕ್‌ಶಾಪಿನಲ್ಲಿ ಕಳೆದು ನಿವೃತ್ತನಾದವನು. ಮಾತು ಕಡಿಮೆ, ಆಡಿದರೂ ಶ್ವಾಬಿಯಾದ ಜರ್ಮನ್, ನನಗೆ ತಿಳಿಯುವುದು ಅರ್ಧ. ಮೆಟ್ಟಿಲು ಗುಡಿಸುವ ಸರದಿ ನಮ್ಮದಾದ ವಾರ ಮೂಲೆಗಳನ್ನು ಬಗ್ಗಿ ನೋಡುತ್ತಾನೆಂಬ ಕಾರಣಕ್ಕೆ ಆತನನ್ನು ಕಂಡರೆ ನನಗೆ ಆಗುತ್ತಲೂ ಇರಲಿಲ್ಲ. ನನ್ನ ಉತ್ತರಕ್ಕೆ ಕಾಯದೆ ಬಾನೆಟ್ ಎತ್ತಿದ, 'ಸ್ಟಾಪ್' ಎಂದು ಬರೆದಿದ್ದ ಲಿವರನ್ನು ಒತ್ತಿದ. ಕಾರು ಒಮ್ಮೆ ಮೈ ಕೊಡವಿ ಸುಮ್ಮನಾಯಿತು.

"ಬಲಗಡೆಯ ಹಿಂದಿನ ಬಾಗಿಲು" ಎಂದೆ ಆಗ. ಚಳಿಗಾಲದಿಂದಲೂ ಅದಕ್ಕೆ ತಾನಾಗಿ ಬೀಗ ಬೀಳುತ್ತಿರಲಿಲ್ಲ. ಕೈ ಹಾಕಿ ಗುಂಡಿ ಒತ್ತಿ ಬರುತ್ತಿದ್ದೆ. ಅಜ್ಜ ತಲೆಯಾಡಿಸಿ ಒಳಗೆ ಹೋದ, ಭಾನುವಾರ ಆತ ಸ್ಪ್ಯಾನರ್ ಮುಟ್ಟುವುದಿಲ್ಲ.

ಪೆಟ್ರೋಲ್ ಕಾರಿನಲ್ಲಿ ಕೀಲಿ ಹಿಂದಕ್ಕೆ ತಿರುಗಿಸಿದರೆ ಕಿಡಿ ನಿಲ್ಲುತ್ತದೆ, ಎಂಜಿನ್ ಸಾಯುತ್ತದೆ. ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ, ಇಂಧನ ಸಿಗುವವರೆಗೂ ಉರಿಯುತ್ತದೆ. ಆದ್ದರಿಂದ ಡಬ್ಲ್ಯೂ123 ಸರಣಿಯ ಈ ಕಾರಿನಲ್ಲಿ ಕೀಲಿಯ ಹಿಂದೆ ಒಂದು ಕವಾಟವಿದೆ. ಅದು ತೆರೆದುಕೊಂಡರೆ ನಿರ್ವಾತವು ಇಂಜೆಕ್ಷನ್ ಪಂಪಿನ ಬೆನ್ನಿಗಿರುವ ರಬ್ಬರ್ ಪೊರೆಯನ್ನು ಎಳೆದು ಇಂಧನವನ್ನು ತಡೆಯುತ್ತದೆ. ಆ ನಿರ್ವಾತವನ್ನು ಹುಟ್ಟಿಸುವುದು ಎಂಜಿನ್ನಿಗೆ ಅಂಟಿಕೊಂಡ ಒಂದೇ ಒಂದು ಪಂಪು. ಬ್ರೇಕಿಗೆ ಬಲ ಸಿಗುವುದೂ ಅದರಿಂದಲೇ. ಚಾಲಕನ ಬಾಗಿಲಿನಲ್ಲಿ ಕೀಲಿ ತಿರುಗಿಸಿದಾಗ ಉಳಿದ ಮೂರು ಬಾಗಿಲು, ಡಿಕ್ಕಿ ಮತ್ತು ಇಂಧನದ ಮುಚ್ಚಳಕ್ಕೆ ಒಟ್ಟಿಗೆ ಬೀಗ ಬೀಳುವುದೂ ಹಳದಿ ಬಣ್ಣದ ಸಪೂರ ನಳಿಗೆಗಳ ಮೂಲಕ ಅದೇ ಪಂಪಿನಿಂದ. ಎಂಜಿನ್ ನಿಂತ ಮೇಲೂ ಬೀಗ ಕೆಲಸ ಮಾಡಲೆಂದು ಹಿಂದುಗಡೆ ಒಂದು ಸಂಗ್ರಹ ಪಾತ್ರೆ ಇದೆ. ಬೀಗಗಳಿಗೆ ಮೋಟಾರಿಲ್ಲ, ರಿಲೇ ಇಲ್ಲ. ಆ ಕಾಲಕ್ಕೆ ಇದು ಎಲ್ಲ ಕಾರಿನ ಜೊತೆ ಬರುತ್ತಿದ್ದ ಸೌಕರ್ಯವೂ ಅಲ್ಲ. ಮೊದಲು ಕೊಂಡ ಪುಣ್ಯಾತ್ಮ ಹೆಚ್ಚು ಹಣ ತೆತ್ತು ಹಾಕಿಸಿಕೊಂಡಿದ್ದ.

ಸೋಮವಾರ ಮಧ್ಯಾಹ್ನ ದಾವಣಗೆರೆಯ ಸಹೋದ್ಯೋಗಿಗೆ ಇದನ್ನೆಲ್ಲ ವಿವರಿಸಿದೆ. "ಒಂದೇ ಟ್ಯಾಂಕಿನಿಂದ ಆರು ಮನೆಗೆ ನೀರು. ಕೆಳಮನೆಯವರು ನಲ್ಲಿ ಬಿಟ್ಟು ಮಲಗಿದರೆ ಮೇಲಿನವರಿಗೆ ಸ್ನಾನವಿಲ್ಲ" ಎಂದು ಎರಡೇ ಮಾತಿನಲ್ಲಿ ಮುಗಿಸಿದ. ಪರಿಹಾರವನ್ನೂ ಅವನೇ ಹೇಳಿದ: ಸೋರುವ ನಳಿಗೆಗೆ ಬಿರಡೆ ತುರುಕು, ಎಂಜಿನ್ ನಿಲ್ಲುತ್ತದೆ, ಆ ಬಾಗಿಲಿಗೆ ಕೈಯಿಂದ ಬೀಗ ಹಾಕು. ಅವನು ಯಾವುದರಲ್ಲೂ ಹೀಗೆಯೇ, ಬೇಗ ಮುಗಿಸುತ್ತಾನೆ.

ಸಂಜೆ ಅಜ್ಜ ಕೈಪಂಪು ಹಿಡಿದು ಬಂದ. ಹಿಡಿಕೆ ಒತ್ತಿದರೆ ಗಾಳಿಯನ್ನು ಹೀರಿ ನಿರ್ವಾತ ಎಷ್ಟಾಯಿತೆಂದು ಮುಳ್ಳಿನಲ್ಲಿ ತೋರಿಸುವ ಸರಳ ಸಾಧನ. ಮುಳ್ಳು ನಿಂತಲ್ಲಿ ನಿಂತರೆ ಆ ಕವಲು ಗಟ್ಟಿ, ಇಳಿದರೆ ಸೋರಿಕೆ. ಮೊದಲು ಎಂಜಿನ್ ನಿಲ್ಲಿಸುವ ಪೊರೆ: ಗಟ್ಟಿ. ಬೀಗಗಳ ಕಡೆಗೆ ಹೋಗುವ ನಳಿಗೆ: ಮುಳ್ಳು ಕುಸಿಯಿತು. ಕಾರ್ಪೆಟ್ ಎತ್ತಿ, ಕವಲುಗಳು ಕೂಡುವ ರಬ್ಬರ್ ತುಂಡನ್ನು ಬಿಡಿಸಿ, ಒಂದೊಂದೇ ಬಾಗಿಲನ್ನು ಪ್ರತ್ಯೇಕಿಸುತ್ತಾ ಹೋದೆವು. ಬೇಡದ ಕವಲಿಗೆ ಅಜ್ಜ ಜೇಬಿನಿಂದ ಗಾಲ್ಫ್ ಚೆಂಡು ಕೂರಿಸುವ ಮರದ ಮೊಳೆಗಳನ್ನು ತೆಗೆದು ಸಿಕ್ಕಿಸುತ್ತಿದ್ದ. ಆತ ಗಾಲ್ಫ್ ಆಡಿದವನಲ್ಲ. ಆ ಮೊಳೆಯ ತುದಿ ಈ ಕೊಳವೆಗೆ ಹೇಳಿ ಮಾಡಿಸಿದಂತಿರುತ್ತದೆ ಎನ್ನುವುದು ಹಳೆಯ ಮರ್ಸಿಡಿಸ್ ಸಾಕಿದವರೆಲ್ಲ ಬಲ್ಲ ಸಂಗತಿಯಂತೆ.

ಬಲಗಡೆಯ ಹಿಂದಿನ ಬಾಗಿಲಿಗೆ ಬಂದಾಗ ಮುಳ್ಳು ಏಳಲೇ ಇಲ್ಲ. ಆ ಕವಲನ್ನು ಮುಚ್ಚಿ ಎಂಜಿನ್ ಚಾಲೂ ಮಾಡಿ ಕೀಲಿ ತಿರುಗಿಸಿದೆ. ತಕ್ಷಣ ನಿಂತಿತು. ಬಾಗಿಲಿನ ಒಳಹಲಗೆ ಬಿಚ್ಚಿದೆವು. ಕೀಲುಗಳ ಬಳಿ ನಳಿಗೆ ಬಾಗಿ ಬಾಗಿ ಸೀಳುವುದುಂಟು, ಅಲ್ಲಿ ಸರಿಯಿತ್ತು. ತೊಂದರೆ ಇದ್ದದ್ದು ಬೀಗದ ಡಬ್ಬಿಯಲ್ಲಿ. ಅದರೊಳಗೆ ಎರಡು ಕೋಣೆ, ಒಂದರಲ್ಲಿ ಹೀರಿದರೆ ಬೀಗ, ಇನ್ನೊಂದರಲ್ಲಿ ಹೀರಿದರೆ ಬಿಡುಗಡೆ. ನಡುವಿನ ಪೊರೆ ಹರಿದಿತ್ತು. ಹೀಗಾಗಿ ಬೀಗ ಹಾಕಿದ್ದಾಗಲೂ ಸೋರಿಕೆ, ತೆಗೆದಿದ್ದಾಗಲೂ ಸೋರಿಕೆ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಕುತೂಹಲಕ್ಕೆ ಡಿಕ್ಕಿಯ ಪಕ್ಕದ ಹೊದಿಕೆ ತೆಗೆದೆ. ಇಂಧನದ ಮುಚ್ಚಳಕ್ಕೆ ಹೋಗುವ ನಳಿಗೆಗಳ ಬಾಯಿಗೆ ಹಿಂದಿನ ಯಾವನೋ ಮಾಲೀಕ ತಿರುಪುಮೊಳೆಗಳನ್ನು ಜಡಿದಿದ್ದ, ತುಕ್ಕು ಹಿಡಿದು ಕೂತಿದ್ದವು. ನನಗೆ ಸಿಟ್ಟೇ ಬಂತು. ನಾನು ಕೊಂಡಾಗ "ಎಲ್ಲ ಮೂಲಸ್ಥಿತಿಯಲ್ಲಿದೆ" ಎಂದು ಎದೆ ತಟ್ಟಿ ಹೇಳಿದ್ದವನ ಮುಖ ಕಣ್ಣ ಮುಂದೆ ಬಂತು. ಅಜ್ಜ ಮಾತ್ರ "ಬುದ್ಧಿವಂತ" ಎಂದ. ವ್ಯಂಗ್ಯವಿರಲಿಲ್ಲ.

ಇಲ್ಲಿಂದ ನಮ್ಮ ಜಗಳ ಶುರುವಾಯಿತು. ಆತನ ಪ್ರಶ್ನೆಯಿಂದ ಬೆರಗಾಗಿದ್ದ ನಾನು, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಈ ಯಂತ್ರವನ್ನು ಬಾಯ್ತುಂಬ ಹೊಗಳುತ್ತಿದ್ದೆ. ಆತ ಕೈ ಒರೆಸಿಕೊಳ್ಳುತ್ತಾ, ಇದು ಕೆಟ್ಟ ವಿನ್ಯಾಸ, ಬಾಗಿಲಿನ ರೋಗ ಎಂಜಿನ್ನಿಗೆ ಬರಬಾರದು ಎಂದ. 1984ರ ಕೊನೆಯಲ್ಲಿ ಬಂದ ಡಬ್ಲ್ಯೂ124ರಲ್ಲಿ ತಿದ್ದಿಕೊಂಡರಲ್ಲ ಎಂದ. ಅದು ನಿಜ. ಆ ಕಾರಿನ ಬೀಗಗಳಿಗೆ ಹಿಂದಿನ ಸೀಟಿನ ಕೆಳಗೆ ಬೇರೆಯೇ ವಿದ್ಯುತ್ ಪಂಪು ಇದೆ, ಹೀರಿದರೆ ಬೀಗ, ಊದಿದರೆ ಬಿಡುಗಡೆ. 1995ರಿಂದ ಪುಣೆಯಲ್ಲಿ ಜೋಡಣೆಯಾದದ್ದೂ ಅದೇ ಮಾದರಿ. ಬೆಂಗಳೂರಿನಲ್ಲಿ ನನ್ನ ಮೊದಲ ಮೇಲಧಿಕಾರಿಯ ಬಳಿ ಅದಿತ್ತು. ಬೀಗ ಹಾಕಿದ ಮೇಲೂ ಸೀಟಿನ ಕೆಳಗಿಂದ ಗುಂಯ್ ಎನ್ನುವ ಸದ್ದು ಬಹಳ ಹೊತ್ತು ಕೇಳಿ, ಪಂಪು ಸೋತು ತಾನೇ ನಿಲ್ಲುತ್ತಿತ್ತು. ಎಲ್ಲೋ ಸೋರುತ್ತಿದೆಯೆಂದು ಅವರಿಗೂ ಗೊತ್ತಿತ್ತು. ಎಂಜಿನ್ನಿಗೆ ಏನೂ ಆಗುತ್ತಿರಲಿಲ್ಲವಲ್ಲ, ನಾನು ಆ ಕೆಲಸ ಬಿಡುವವರೆಗೂ ಅವರು ರಿಪೇರಿ ಮಾಡಿಸಲಿಲ್ಲ.

ನನ್ನ ವಾದ ಇರುವುದೇ ಅಲ್ಲಿ. ಬೇರೆಯವರಿಗೆ ತೊಂದರೆ ಕೊಡದ ದೋಷವನ್ನು ಯಾರೂ ಮುಟ್ಟುವುದಿಲ್ಲ. ನಾನು ತಂತ್ರಾಂಶ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಪ್ರತಿಯೊಂದು ಭಾಗವೂ ಸ್ವತಂತ್ರವಾಗಿರಬೇಕೆಂದು ನಾವು ಪಾಠ ಹೇಳುತ್ತೇವೆ, ಅದು ಸರಿಯೂ ಹೌದು. ಆದರೆ ಹಾಗೆ ಬೇರ್ಪಡಿಸಿದ ಮೇಲೆ ಒಂದು ತಂಡದ ದೋಷ ಇನ್ನೊಂದು ತಂಡದ ನಿದ್ದೆ ಕೆಡಿಸುವುದಿಲ್ಲ, ವರ್ಷಗಟ್ಟಲೆ ಪಟ್ಟಿಯಲ್ಲಿ ಕೊಳೆಯುತ್ತದೆ. ಪಕ್ಕದಲ್ಲಿ ತಾತ್ಕಾಲಿಕ ಪರಿಹಾರವನ್ನು ಬರೆದಿಟ್ಟಿರುತ್ತೇವೆ, ಓದಿದವರು ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಾರೆ. ಬಿರಡೆ ಮಾಡುವುದೂ ಇದನ್ನೇ, ಸೋರಿಕೆಯನ್ನು ಆ ಬಾಗಿಲಿನ ಖಾಸಗಿ ಸಂಕಟವಾಗಿಸುತ್ತದೆ. ಚಳಿಗಾಲವಿಡೀ ಕೈಯಿಂದ ಒತ್ತುತ್ತಿದ್ದ ಬಾಗಿಲನ್ನು ಬಿಚ್ಚುವಂತೆ ಮಾಡಿದ್ದು ಭಾನುವಾರದ ಆ ಸಾರ್ವಜನಿಕ ಗಡಗಡ.

ಅಜ್ಜನಿಗೆ ಇದು ಹಿಡಿಸಲಿಲ್ಲ. ಇಂಥ ಕಾರುಗಳನ್ನು ಅಂಗಾತ ಮಲಗಿ ರಿಪೇರಿ ಮಾಡಿದವನು ಆತ, ಅವುಗಳ ಬಗ್ಗೆ ತತ್ವ ಹೇಳುತ್ತಿರುವವನು ನಾನು. "ದಾರಿಯಲ್ಲಿ ಎಂಜಿನ್ ನಿಲ್ಲಿಸಲಾಗದೆ ನಿಂತವರು ನನ್ನ ಬಳಿ ಬರುತ್ತಿದ್ದರು. ಯಾರೂ ನಗುತ್ತಾ ಬರುತ್ತಿರಲಿಲ್ಲ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಗುಜರಿಯಿಂದ ಆತನೇ ಇನ್ನೊಂದು ಡಬ್ಬಿ ತಂದುಕೊಟ್ಟ, ಕೊಳ್ಳುವ ಮೊದಲು ಅಲ್ಲಿಯೇ ಕೈಪಂಪು ಹಚ್ಚಿ ಮುಳ್ಳು ನೋಡಿದ್ದನಂತೆ. ಗುರುವಾರ ಕೂರಿಸಿದೆವು. ಈಗ ಕೀಲಿ ತಿರುಗಿಸಿದರೆ ಮೂರೂ ಬಾಗಿಲುಗಳ ಗುಂಡಿಗಳು ಅವಸರವಿಲ್ಲದೆ ಕೆಳಗಿಳಿಯುತ್ತವೆ. ದಾವಣಗೆರೆಯವನು ಖರ್ಚೆಷ್ಟಾಯಿತೆಂದು ಕೇಳಿ, ಅಷ್ಟಕ್ಕೆ ಬಿರಡೆಗಳ ದೊಡ್ಡ ಪೊಟ್ಟಣವೇ ಬರುತ್ತಿತ್ತಲ್ಲ ಎಂದ. ಇನ್ನು ಉಳಿದಿರುವುದು ಇಂಧನದ ಮುಚ್ಚಳದ ತಿರುಪುಮೊಳೆಗಳು. ತೆಗೆಯಬೇಡ, ತೆಗೆದರೆ ಮತ್ತೆ ಎಂಜಿನ್ ನಿಲ್ಲದು, ನನ್ನನ್ನು ಕರೆಯಬೇಡ ಎಂದು ಅಜ್ಜ ಎಚ್ಚರಿಸಿದ್ದಾನೆ. ನಾಳೆ ಆತ ಮಗಳ ಊರಿಗೆ ಹೋಗುತ್ತಾನೆ. ಆಗ ತೆಗೆಯುತ್ತೇನೆ.