ಕಾಲೇಜಿನ ಇಂಗಾಲದ ಲೆಕ್ಕ ಬೈಕ್ ಸ್ಟ್ಯಾಂಡಿನಿಂದ ಶುರುವಾಗಲಿ

ಜೂನ್ 5 ಬಂತೆಂದರೆ ತಾಲ್ಲೂಕಿನ ಪದವಿ ಕಾಲೇಜುಗಳಲ್ಲಿ ಸಸಿ ನೆಡುತ್ತಾರೆ. ನೆಡಲಿ, ನೆರಳು ಬೇಕೇ ಬೇಕು. ಆದರೆ ಕಾಲೇಜಿನಿಂದ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೋಗುತ್ತಿದೆ, ಎಲ್ಲಿಂದ ಹೋಗುತ್ತಿದೆ ಅನ್ನುವ ಲೆಕ್ಕ ಇಲ್ಲದಿದ್ದರೆ ಯಾವ ಕೆಲಸ ಮೊದಲು ಅನ್ನುವುದು ಗೊತ್ತಾಗುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕಾಗಿ ಮಾಡಿಸಿದ ಎನರ್ಜಿ ಆಡಿಟ್ ವರದಿ ಏಳನೇ ಮಾನದಂಡದ ಫೈಲಿನಲ್ಲಿ ಇದ್ದರೆ ಅದನ್ನು ತೆಗೆದು ಓದಿ. ಇಲ್ಲದಿದ್ದರೂ ಚಿಂತೆಯಿಲ್ಲ, ಒಂದು ಮಧ್ಯಾಹ್ನ ಕೂತರೆ ಸಾಕು.

ಗೊತ್ತಿರಬೇಕಾದ ಅಂಕಿ ನಾಲ್ಕೇ. ನಮ್ಮ ಗ್ರಿಡ್ಡಿನ (ಎಲ್ಲೆಡೆ ಕರೆಂಟ್ ಹಂಚುವ ಜಾಲದ) ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್, ಒಂದು ಲೀಟರ್ ಡೀಸೆಲ್‌ಗೆ 2.7 ಕೆಜಿ, ಪೆಟ್ರೋಲ್‌ಗೆ 2.3 ಕೆಜಿ, ಒಂದು ಕೆಜಿ ಅಡುಗೆ ಅನಿಲಕ್ಕೆ 3 ಕೆಜಿ. ಅಂದರೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ 57 ಕೆಜಿ.

ಉದಾಹರಣೆಗೆ ಸಾವಿರದ ಚಿಲ್ಲರೆ ವಿದ್ಯಾರ್ಥಿಗಳ ಒಂದು ಕಾಲೇಜು, ಜೊತೆಗೆ ಹಾಸ್ಟೆಲ್ ಅಂದುಕೊಳ್ಳಿ. ತಿಂಗಳಿಗೆ 4,000 ಯೂನಿಟ್ ಕರೆಂಟ್ ಆದರೆ ವರ್ಷಕ್ಕೆ 34 ಟನ್. ತಿಂಗಳಿಗೆ 20 ಸಿಲಿಂಡರಿನಂತೆ ಹತ್ತು ತಿಂಗಳಿಗೆ 11 ಟನ್. ಜನರೇಟರಿಗೆ ತಿಂಗಳಿಗೆ 100 ಲೀಟರ್ ಡೀಸೆಲ್ ಆದರೆ 3 ಟನ್. ಇನ್ನು ಸ್ಟ್ಯಾಂಡಿನಲ್ಲಿ ನಿಲ್ಲುವ ಬೈಕುಗಳು: 200 ಬೈಕ್, ಹೋಗಿಬರಲು 20 ಕಿ.ಮೀ., ವರ್ಷಕ್ಕೆ 200 ದಿನ, ಲೀಟರಿಗೆ 45 ಕಿ.ಮೀ. ಮೈಲೇಜ್. ಒಟ್ಟು ಎಂಟು ಲಕ್ಷ ಕಿ.ಮೀ., ಹತ್ತಿರ ಹತ್ತಿರ 17,800 ಲೀಟರ್ ಪೆಟ್ರೋಲ್, 41 ಟನ್. ಇಡೀ ಕಾಲೇಜಿನ ಕರೆಂಟಿಗಿಂತ ಜಾಸ್ತಿ. ಇದು ಕಾಲೇಜಿನ ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ಹಾಗಾಗಿ ಯಾವ ವರದಿಯಲ್ಲೂ ಸರಿಯಾಗಿ ಕಾಣುವುದಿಲ್ಲ.

ಹುಡುಗರು ಶೋಕಿಗೆ ಬೈಕ್ ತರುತ್ತಾರೆ ಅನ್ನುವುದು ಅರ್ಧ ಸತ್ಯ ಮಾತ್ರ. ಕೊನೆಯ ಪೀರಿಯಡ್ 4.20ಕ್ಕೆ ಮುಗಿದು, ಊರಿನ ಬಸ್ 4.10ಕ್ಕೆ ಹೊರಟು, ಮುಂದಿನದು 6.30ಕ್ಕೆ ಇದ್ದರೆ ಯಾರಾದರೂ ಏನು ಮಾಡಬೇಕು? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚು ಹೋಗಿದೆ. ದೊಡ್ಡ ಅನುಕೂಲ ಅದು. ಆದರೆ ಬೆಳಿಗ್ಗೆ ಎಂಟೂವರೆಯ ಬಸ್ ತುಂಬಿ, ಹಳ್ಳಿಯ ಸ್ಟಾಪಿನಲ್ಲಿ ನಿಲ್ಲಿಸದೆ ಹೋದರೆ ಆ ಅನುಕೂಲ ಅವರಿಗೆ ತಲುಪುವುದಿಲ್ಲ.

ಹಾಗಾಗಿ ಅಡ್ಮಿಶನ್ ಅರ್ಜಿಯಲ್ಲೇ ನಾಲ್ಕು ಕಾಲಂ ಸೇರಿಸಿ: ಊರು, ದೂರ, ಬರುವ ವಾಹನ, ಹತ್ತಿರದ ಸ್ಟಾಪಿಗೆ ಬಸ್ ಬರುವ ಸಮಯ. ರೂಟಿನ ಪ್ರಕಾರ ವಿಂಗಡಿಸಿದರೆ ಯಾವ ರಸ್ತೆಯಲ್ಲಿ ಎಷ್ಟು ಜನ ಅನ್ನುವುದು ಒಂದೇ ಹಾಳೆಯಲ್ಲಿ ಬರುತ್ತದೆ. ಡಿಪೋ ಮ್ಯಾನೇಜರಿಗೆ ಕೊಡಬೇಕಾದ್ದು ಈ ಹಾಳೆ. ಇದರ ಒಂದು ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೂ ಹೋಗಲಿ. ‘ವಿದ್ಯಾರ್ಥಿಗಳಿಗೆ ತೊಂದರೆಯಾಗುತ್ತಿದೆ, ಬಸ್ ಬಿಡಿ’ ಎಂಬ ಮನವಿಗಳು ಡಿಪೋದಲ್ಲಿ ರಾಶಿ ಬಿದ್ದಿರುತ್ತವೆ. ಯಾವ ಸ್ಟಾಪಿನಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ ಅಂತ ಬರೆದುಕೊಟ್ಟರೆ ಟ್ರಿಪ್ ಹಾಕಬೇಕೋ ಸಮಯ ಬದಲಿಸಬೇಕೋ ಅಂತ ಅವರು ತೀರ್ಮಾನಿಸಬಹುದು. ಬಸ್ ಬದಲಾಗದಿದ್ದರೆ ಕಾಲೇಜೇ ಟೈಂಟೇಬಲನ್ನು ಇಪ್ಪತ್ತು ನಿಮಿಷ ಬೇಗ ಮುಗಿಯುವಂತೆ ಮಾಡಬಹುದು, ಇದಕ್ಕೆ ದುಡ್ಡು ಬೇಡ. ಒಬ್ಬರೇ ಬೈಕಿನಲ್ಲಿ ಹತ್ತು ಕಿ.ಮೀ. ಬಂದರೆ ಅರ್ಧ ಕೆಜಿ, 50 ಜನ ತುಂಬಿದ ಬಸ್ಸಿನಲ್ಲಿ ತಲೆಗೆ ನೂರು ಗ್ರಾಂ. ಆ ಇನ್ನೂರರಲ್ಲಿ 60 ಬೈಕ್ ಬಿಟ್ಟರೆ, ಬಸ್ಸಿನ ಪಾಲು ಕಳೆದೂ ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಟನ್ ಉಳಿಯುತ್ತದೆ. ಹಾಸ್ಟೆಲಿನ ಇಡೀ ವರ್ಷದ ಗ್ಯಾಸಿಗೆ ಹೆಚ್ಚುಕಡಿಮೆ ಸಮ.

ಇನ್ನು ಕರೆಂಟ್. ಮೊದಲು ಕಾಲೇಜಿನ ಹೆಸರಿನಲ್ಲಿ ಎಷ್ಟು ಆರ್‌ಆರ್ ನಂಬರ್ (ಒಂದೊಂದು ಕರೆಂಟ್ ಸಂಪರ್ಕದ ನಂಬರ್) ಇವೆ ನೋಡಿ. ಹಾಸ್ಟೆಲ್, ಬೋರ್‌ವೆಲ್, ಹೊಸ ಬ್ಲಾಕ್ ಬೇರೆ ಬೇರೆ ಇರುತ್ತವೆ. ಆಮೇಲೆ ರಜೆಯ ಹಿಂದಿನ ರಾತ್ರಿ 9ಕ್ಕೆ ಮತ್ತು ಬೆಳಿಗ್ಗೆ 6ಕ್ಕೆ ಮೀಟರ್ ರೀಡಿಂಗ್ ಬರೆದುಕೊಳ್ಳಿ. ದೊಡ್ಡ ಲೋಡಿಗೆ ಹಾಕುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಮೀಟರ್ ಆದರೆ ವ್ಯತ್ಯಾಸವನ್ನು ಬಿಲ್ಲಿನಲ್ಲಿರುವ ಗುಣಾಂಕದಿಂದ ಗುಣಿಸಲೇಬೇಕು. ಗುಣಾಂಕ 20 ಇದ್ದು ಅದನ್ನು ಮರೆತರೆ 18 ಯೂನಿಟ್ ಬರಬೇಕಾದಲ್ಲಿ ಒಂದೂ ಇಲ್ಲ ಅಂತ ಕಾಣುತ್ತದೆ, ಲೆಕ್ಕ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಒಂಬತ್ತು ಗಂಟೆಗೆ 18 ಯೂನಿಟ್ ಓಡಿದ್ದರೆ ಯಾರೂ ಇಲ್ಲದಾಗಲೂ 2 ಕಿಲೋವ್ಯಾಟ್ ಉರಿಯುತ್ತಿದೆ ಅಂತ ಅರ್ಥ. ಒಂದೊಂದೇ ಎಂಸಿಬಿ (ಮೀಟರ್ ಬೋರ್ಡಿನ ಸುರಕ್ಷತಾ ಸ್ವಿಚ್) ಇಳಿಸುತ್ತಾ ಹೋದರೆ ಎಲ್ಲಿಗೆ ಹೋಗುತ್ತಿದೆ ತಿಳಿಯುತ್ತದೆ: ಕಾರಿಡಾರಿನ ದೀಪ, ಖಾಲಿ ಫ್ರಿಜ್, ಫ್ಲೋಟ್ ಸ್ವಿಚ್ ಕೆಟ್ಟು ಟ್ಯಾಂಕ್ ತುಂಬಿದರೂ ಓಡುವ ಮೋಟಾರ್, ಕಂಪ್ಯೂಟರ್ ಲ್ಯಾಬಿನ ಯುಪಿಎಸ್. ದೊಡ್ಡ ಯುಪಿಎಸ್ ಸುಮ್ಮನೆ ಇದ್ದಾಗ 150 ವ್ಯಾಟ್ ತಿಂದರೂ ವರ್ಷಕ್ಕೆ 1,300 ಯೂನಿಟ್.

ಫ್ಯಾನುಗಳ ಲೆಕ್ಕವೂ ದೊಡ್ಡದೇ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30. ದಿನಕ್ಕೆ 7 ಗಂಟೆ, 200 ದಿನ ಓಡಿದರೆ ಒಂದಕ್ಕೆ 63 ಯೂನಿಟ್ ಉಳಿಯುತ್ತದೆ. 150 ಫ್ಯಾನಿಗೆ 9,450 ಯೂನಿಟ್, ಆರೂವರೆ ಟನ್. ಹಾಕುವಾಗ ಹಳೆಯ ರೆಗ್ಯುಲೇಟರನ್ನು ಲೈನಿನಿಂದ ತೆಗೆಯಲೇಬೇಕು. ಅದರ ಮೂಲಕ ಕೊಟ್ಟರೆ ಫ್ಯಾನ್ ಗುಂಯ್‌ಗುಡುತ್ತದೆ, ಅದರೊಳಗಿನ ಸರ್ಕ್ಯೂಟ್ ಬೋರ್ಡ್ ಬೇಗ ಹೋಗುತ್ತದೆ. ಕ್ಲಾಸ್‌ರೂಮಿಗೆ ರಿಮೋಟ್ ಮಾದರಿ ಬೇಡ, ರಿಮೋಟ್ ಉಳಿಯುವುದಿಲ್ಲ. ಗೋಡೆಯ ಸ್ವಿಚ್ಚಿನಿಂದಲೇ ವೇಗ ಬದಲಿಸುವಂಥದ್ದು ಸಿಗುತ್ತದೆ. ಟ್ಯೂಬ್‌ಲೈಟಿನಲ್ಲಿ ಗಮನಿಸಬೇಕಾದ್ದು ವೈರಿಂಗ್. ಬೋರ್ಡಿನಿಂದ ಹಿಂದಿನ ಬೆಂಚಿನವರೆಗೆ ಕಿಟಕಿ ಪಕ್ಕದ ಸಾಲಿಗೆ ಒಂದು ಸ್ವಿಚ್, ಗೋಡೆ ಪಕ್ಕದ ಸಾಲಿಗೆ ಇನ್ನೊಂದು ಇರಬೇಕು. ಈಗ ಬಹಳ ಕಡೆ ಸಾಲು ಅಡ್ಡ ಹೋಗಿರುವುದರಿಂದ, ಮೂಲೆಯ ಒಂದು ಬೆಂಚಿಗೆ ಬೆಳಕು ಬೇಕೆಂದರೂ ಕಿಟಕಿಯ ಬಿಸಿಲಿನಲ್ಲಿ ಎರಡು ದೀಪ ಉರಿಯುತ್ತವೆ.

ಸೋಲಾರ್ ಇಷ್ಟೆಲ್ಲ ಆದ ಮೇಲೆ. ಮೊದಲೇ ಹಾಕಿಸಿದರೆ ದಂಡದ ಲೋಡಿಗೂ ಸೇರಿಸಿ ಪ್ಯಾನೆಲ್ ಕೊಂಡಂತಾಗುತ್ತದೆ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರಡಿ ಬೇಕು, ನಮ್ಮಲ್ಲಿ ವರ್ಷಕ್ಕೆ 1,400 ಯೂನಿಟ್ ಬರುತ್ತದೆ. ಓವರ್‌ಹೆಡ್ ಟ್ಯಾಂಕಿನ ನೆರಳು ಸಂಜೆ ಒಂದು ಪ್ಯಾನೆಲಿನ ಮೇಲೆ ಬಿದ್ದರೂ ಆ ಸಾಲೆಲ್ಲ ಇಳಿಯುತ್ತದೆ. ಹಾಗಾಗಿ ಜಾಗ ಗುರುತು ಮಾಡುವುದು ಡಿಸೆಂಬರಿನಲ್ಲಿ, ನೆರಳು ಉದ್ದ ಇದ್ದಾಗ. ಗ್ರಿಡ್ಡಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವದ ಸಲುವಾಗಿ ಇರುವ ವ್ಯವಸ್ಥೆ ಅದು. ಜನರೇಟರ್ ಜೊತೆ ಓಡಿಸಬೇಕೆಂದರೆ ನಿಯಂತ್ರಕ ಬೇರೆ ಬೇಕು, ಇಲ್ಲದಿದ್ದರೆ ಕರೆಂಟ್ ಜನರೇಟರಿಗೇ ತಿರುಗಿ ಹರಿಯುತ್ತದೆ. ಟೆಂಡರಿನಲ್ಲೇ ಇದನ್ನು ಬರೆಯಿರಿ. ಪ್ಯಾನೆಲನ್ನು ಬೋರ್‌ವೆಲ್ ನೀರಿನಿಂದ ಮಧ್ಯಾಹ್ನ ತೊಳೆದರೆ ಬಿಳಿ ಕಲೆ ಕೂರುತ್ತದೆ. ಬೆಳಗಿನ ಜಾವ, ಸಾಧ್ಯವಾದರೆ ಮಳೆನೀರಿನಲ್ಲಿ ತೊಳೆಯಿರಿ.

ಹಾಸ್ಟೆಲ್ ಅಡುಗೆಮನೆಯಲ್ಲಿ ಸುಲಭದ ಉಳಿತಾಯ ಅಂದರೆ ಎಸರು. ಸೋಲಾರ್ ಹೀಟರಿನಿಂದ 60 ಡಿಗ್ರಿಯ ನೀರು ಬಂದರೆ 100 ಲೀಟರಿಗೆ 600 ಗ್ರಾಮಿನಷ್ಟು ಗ್ಯಾಸ್ ಉಳಿಯುತ್ತದೆ. ದಿನಕ್ಕೆ 300 ಲೀಟರ್ ಆದರೆ ವರ್ಷಕ್ಕೆ ಸುಮಾರು 30 ಸಿಲಿಂಡರ್. ಒಳಗಿನ ಟ್ಯಾಂಕ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಗಡಸು ನೀರಿರುವ ಕಡೆ ತಾಮ್ರದ ಕೊಳವೆಯ ಹೀಟರ್ ಸುಣ್ಣ ಕಟ್ಟಿ ಮುಚ್ಚಿಹೋಗುತ್ತದೆ.

ಬಯೋಗ್ಯಾಸ್ ಬಗ್ಗೆ ಎಚ್ಚರ ಹೇಳಲೇಬೇಕು. ಹತ್ತು ಹನ್ನೆರಡು ಕೆಜಿ ಅಡುಗೆ ತ್ಯಾಜ್ಯಕ್ಕೆ ಒಂದು ಘನ ಮೀಟರ್ ಅನಿಲ, ಅಂದರೆ ಅರ್ಧ ಕೆಜಿಗೆ ಕಡಿಮೆ ಎಲ್‌ಪಿಜಿಗೆ ಸಮ. ಉಳಿದ ಅನ್ನವನ್ನು ಒಮ್ಮೆಗೇ ಸುರಿದರೆ ತೊಟ್ಟಿ ಹುಳಿಯಾಗಿ ಉರಿ ನಿಲ್ಲುತ್ತದೆ. ಆಗ ಕೆಲವು ದಿನ ಏನೂ ಹಾಕದೆ ಸಗಣಿ ನೀರು ಕೊಟ್ಟು ಸರಿಮಾಡಬೇಕು. ರಜೆಯದು ಇದಕ್ಕಿಂತ ದೊಡ್ಡ ತೊಂದರೆ. ಹಾಸ್ಟೆಲ್ ಖಾಲಿಯಾದಾಗ ಒಲೆ ಹಚ್ಚುವವರಿಲ್ಲ, ಉತ್ಪತ್ತಿಯಾದ ಮೀಥೇನ್ ಸುಮ್ಮನೆ ಹೊರಗೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 28 ಪಟ್ಟು. ರಜೆಗೆ ಹತ್ತು ಹದಿನೈದು ದಿನ ಮೊದಲೇ ಹಾಕುವುದನ್ನು ಕಡಿಮೆ ಮಾಡಿ ನಿಲ್ಲಿಸಬೇಕು, ಆಮೇಲೂ ಬರುವ ಅನಿಲವನ್ನು ವಾಚ್‌ಮನ್ ಮನೆಯ ಒಲೆಗೆ ಕೊಟ್ಟು ಉರಿಸಬೇಕು. ಎಸಿಯ ಅನಿಲದ್ದೂ ಇಂಥದ್ದೇ ಕತೆ: ಆರ್-410ಎ ಒಂದು ಕೆಜಿ ಸೋರಿದರೆ ಎರಡು ಟನ್ನಿಗೆ ಸಮ. ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸಬೇಕಾಗಿ ಬಂದರೆ ಸೋರಿಕೆ ಹುಡುಕಿಸಿ.

ಹವಾಮಾನ ಈಗಾಗಲೇ ಬದಲಾಗುತ್ತಿರುವುದರಿಂದ ನೀರಿನ ಸಿದ್ಧತೆಯೂ ಜೊತೆಗೇ ಆಗಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. 1,000 ಚದರ ಮೀಟರಿನ ತಾರಸಿಯ ಮೇಲೆ 700 ಮಿ.ಮೀ. ಮಳೆ ಬಿದ್ದರೆ, ಐದನೇ ಒಂದು ಭಾಗ ಕಳೆದೂ 5.6 ಲಕ್ಷ ಲೀಟರ್ ಸಿಗುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವಾಲ್ವ್ ಇಲ್ಲದಿದ್ದರೆ ಮರಳಿನ ಫಿಲ್ಟರ್ ಮೊದಲ ವರ್ಷವೇ ಕಟ್ಟಿಕೊಳ್ಳುತ್ತದೆ. ತಾರಸಿ ಗುಡಿಸುವುದು, ಫಿಲ್ಟರಿನ ಮೇಲಿನ ಪದರದ ಮರಳು ತೊಳೆಯುವುದು ಏಪ್ರಿಲ್‌ನಲ್ಲೇ ಮುಗಿದಿರಲಿ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಒಂದೇ ಸಂಜೆಯಲ್ಲಿ ಹತ್ತಾರು ಸಾವಿರ ಲೀಟರ್ ಕೊಟ್ಟು ಹೋಗುತ್ತದೆ.