ಹೊರಗೆ ಬರುವುದು ಬರೀ ನೀರು, ಹಾಗಾದರೆ ಕ್ಲೀನ್ ಅಲ್ವಾ?

"ಫ್ಯೂಯಲ್ ಸೆಲ್‌ನಲ್ಲಿ ಹೊಗೆ ಬರೋದಿಲ್ಲ, ನೀರಷ್ಟೇ. ಹಾಗಾದ್ರೆ ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ತೆಗೆದು ಕರೆಂಟ್ ಮಾಡಿದ್ರೆ ಆಯ್ತಲ್ಲ?" ನಾನು ಕರೆಂಟಿನ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದವರು ಮೊದಲು ಕೇಳುವುದೇ ಇದನ್ನು. ಫ್ಯೂಯಲ್ ಸೆಲ್ ಅಂದರೆ ಹೈಡ್ರೋಜನ್ನನ್ನು ಉರಿಸದೆ, ಗಾಳಿಯ ಆಮ್ಲಜನಕದ ಜೊತೆ ಸೇರಿಸಿ ಕರೆಂಟ್ ಮಾಡುವ ಸಾಧನ. ಮಾಡಬಹುದು, ಮಾಡುತ್ತಲೂ ಇದ್ದಾರೆ. ಆದರೆ ಅದನ್ನು ಕ್ಲೀನ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೈಡ್ರೋಜನ್ ಹೇಗೆ ಬರುತ್ತದೆ ನೋಡಿ. ಅನಿಲದಲ್ಲಿರುವ ಮೀಥೇನನ್ನು ನೀರಿನ ಹಬೆಯ ಜೊತೆ 700ರಿಂದ 1000 ಡಿಗ್ರಿ ಬಿಸಿಯಲ್ಲಿ ನಿಕ್ಕಲ್ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಮೇಲೆ ಹಾಯಿಸುತ್ತಾರೆ. ಹೈಡ್ರೋಜನ್ ಬರುತ್ತದೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್. ಇದನ್ನು ಹಾಗೇ ಬಿಡುವಂತಿಲ್ಲ. ಕಾರಿನಲ್ಲಿ ಬಳಸುವಂಥ ಪಾಲಿಮರ್ ಫ್ಯೂಯಲ್ ಸೆಲ್‌ನಲ್ಲಿ ಕ್ಯಾಟಲಿಸ್ಟ್ ಆಗಿರುವ ಪ್ಲಾಟಿನಂಗೆ ಅದು ಗಟ್ಟಿಯಾಗಿ ಅಂಟಿಕೊಂಡರೆ ಹೈಡ್ರೋಜನ್‌ಗೆ ಕೂರಲು ಜಾಗವೇ ಇರುವುದಿಲ್ಲ. ಹತ್ತು ಲಕ್ಷಕ್ಕೆ ಹತ್ತಿಪ್ಪತ್ತು ಪಾಲು ಇದ್ದರೂ ತೊಂದರೆ. ಹಾಗಾಗಿ ಮತ್ತೆ ಹಬೆ ಕೊಟ್ಟು ಅದನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತಾರೆ. ಇಷ್ಟೆಲ್ಲ ಬಿಸಿಗೆ ಉರಿಸುವುದೂ ಗ್ಯಾಸನ್ನೇ!

ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 9ರಿಂದ 10 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಆ ಒಂದು ಕಿಲೋದಲ್ಲಿರುವ ಶಕ್ತಿ ಸುಮಾರು 33 ಯೂನಿಟ್. ಸೆಲ್ ಅದರಲ್ಲಿ ಅರ್ಧದಷ್ಟನ್ನು ಕರೆಂಟ್ ಮಾಡುತ್ತದೆ ಅಂದುಕೊಳ್ಳಿ, 16 ಯೂನಿಟ್ ಚಿಲ್ಲರೆ. ಅಂದರೆ ಯೂನಿಟ್‌ಗೆ ಅರ್ಧ ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಆಯಿತು. ಅದೇ ಗ್ಯಾಸನ್ನು ಒಳ್ಳೆಯ ಕಂಬೈನ್ಡ್ ಸೈಕಲ್ ಸ್ಥಾವರದಲ್ಲಿ (ಗ್ಯಾಸ್ ಟರ್ಬೈನಿನ ಬಿಸಿ ಹೊಗೆಯಿಂದ ಹಬೆ ಮಾಡಿ ಇನ್ನೊಂದು ಟರ್ಬೈನನ್ನೂ ತಿರುಗಿಸುವಂಥದ್ದು) ಸುಮ್ನೆ ಉರಿಸಿದರೆ ಯೂನಿಟ್‌ಗೆ 350ರಿಂದ 400 ಗ್ರಾಂ ಅಷ್ಟೇ. ಇಷ್ಟು ಸರ್ಕಸ್ ಮಾಡಿ ಹೆಚ್ಚು ಇಂಗಾಲ ಬಿಡುವುದು ಯಾಕೆ?

ಹಾಗಂತ ಇದು ದಂಡ ಅಂತಲೂ ಅಲ್ಲ. ಸೆಲ್‌ನ ಬಿಸಿಯನ್ನೂ ಬಳಸಿಕೊಂಡರೆ ಲೆಕ್ಕವೇ ಬದಲಾಗುತ್ತದೆ. ಜಪಾನಿನಲ್ಲಿ 2009ರಿಂದ ಎನೆ-ಫಾರ್ಮ್ ಅನ್ನುವ ಮನೆಬಳಕೆಯ ಘಟಕಗಳನ್ನು ಮಾರುತ್ತಿದ್ದಾರೆ. ಗ್ಯಾಸಿನಿಂದ ಅಲ್ಲೇ ಹೈಡ್ರೋಜನ್ ಮಾಡಿಕೊಂಡು ಕರೆಂಟ್ ಕೊಡುತ್ತವೆ, ಉಳಿದ ಬಿಸಿಯಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತವೆ. ಎರಡೂ ಸೇರಿದರೆ ಗ್ಯಾಸಿನ ಶಕ್ತಿಯಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಸಾಲಿಡ್ ಆಕ್ಸೈಡ್ ಸೆಲ್ ಅನ್ನುವ ಇನ್ನೊಂದು ಬಗೆಯ ಫ್ಯೂಯಲ್ ಸೆಲ್ ಇನ್ನೂ ಜಾಣ: ತಾನೇ ಕೆಂಡದಂತೆ ಕಾದಿರುವುದರಿಂದ ಗ್ಯಾಸನ್ನು ತನ್ನೊಳಗೇ ಒಡೆದುಕೊಳ್ಳುತ್ತದೆ. ಮೊನಾಕ್ಸೈಡನ್ನೂ ಇಂಧನ ಮಾಡಿಕೊಳ್ಳುತ್ತದೆ. ಆದರೂ ಇಂಗಾಲ ಹೊರಗೆ ಬಂದೇ ಬರುತ್ತದೆ.

"ಆ ಇಂಗಾಲವನ್ನು ಹಿಡಿದು ನೆಲದಡಿ ಹೂತರೆ?" ಅಂತಲೂ ಕೇಳುತ್ತಾರೆ. ಒಂದೇ ಕಡೆ ಇರುವ ದೊಡ್ಡ ಸ್ಥಾವರದಲ್ಲಿ ಸಾಧ್ಯ. ಖರ್ಚಿದೆ, ಪೂರ್ತಿ ಸಿಗುವುದಿಲ್ಲ. ಪೈಪ್‌ಲೈನಿನಲ್ಲಿ ಸೋರುವ ಮೀಥೇನ್ ಆ ಲೆಕ್ಕಕ್ಕೆ ಬರುವುದೂ ಇಲ್ಲ. ಇನ್ನು ಗ್ಯಾಸಿನ ಬದಲು ಕಲ್ಲಿದ್ದಲಿನಿಂದ ಹೈಡ್ರೋಜನ್ ತೆಗೆದರೆ ಇಂಗಾಲ ಹೆಚ್ಚುಕಡಿಮೆ ಎರಡರಷ್ಟು. ಹೂಳದೆ ಬಿಟ್ಟರೆ ಯೂನಿಟ್‌ಗೆ ಒಂದು ಕಿಲೋ ದಾಟುತ್ತದೆ, ಆ ಕಲ್ಲಿದ್ದಲನ್ನು ನೇರವಾಗಿ ಬಾಯ್ಲರಿಗೆ ಹಾಕಿದಷ್ಟೇ.