ಏಜಾಕ್ಸನ ಮಗನಾಗಿ ಕೂತ ಮಧ್ಯಾಹ್ನ

ಎರಡನೇ ವರ್ಷದ ಬಿಎ. ಊಟ ಮುಗಿದ ಮೇಲಿನ ಪೀರಿಯಡ್ಡು. ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ 'ಹೀರೋ' ಅಂತ ಬರೆದು, "ಅಂದ್ರೆ ಯಾರ್ರಪ್ಪಾ?" ಎಂದರು. ಹಿಂದಿನ ಬೆಂಚುಗಳಿಂದ ಸಿನಿಮಾ ನಟರ ಹೆಸರು ಬಂದವು. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, "ಗ್ರೀಕರ ಪೂಜೆಯಲ್ಲಿ ಹೀರೋ ಅಂದ್ರೆ ಸತ್ತವನು. ಅವನದೊಂದು ಸಮಾಧಿ ಇರುತ್ತೆ. ಊರವರು ಅದಕ್ಕೆ ನಡ್ಕೊಳ್ತಾರೆ" ಎಂದರು.

ಆಮೇಲೆ ಹೇಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗ್ರೀಸಿನ ಪೋಕಿಸ್ ಸೀಮೆಯ ಟ್ರೋನಿಸ್ ಎಂಬಲ್ಲಿ ಒಬ್ಬ ವೀರನ ಸಮಾಧಿ ಇತ್ತಂತೆ. ಅದಕ್ಕೊಂದು ತೂತು. ಬಲಿ ಕೊಟ್ಟ ಪ್ರಾಣಿಯ ರಕ್ತವನ್ನು ಆ ತೂತಿನಿಂದ ಒಳಕ್ಕೆ ಹುಯ್ಯುತ್ತಿದ್ದರು. ಮಾಂಸವನ್ನು ಅಲ್ಲೇ ಕೂತು ತಿನ್ನುತ್ತಿದ್ದರು. ಆಕಾಶದ ದೇವರುಗಳಿಗೆ ಎತ್ತರದ ಬಲಿಪೀಠ, ಮೇಲಕ್ಕೇರುವ ಹೊಗೆ. ಇವನು ಮಣ್ಣಿನೊಳಗೇ ಇರುವವನು, ಇವನ ಪಾಲು ಕೆಳಕ್ಕೇ ಹೋಗಬೇಕು.

ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ಅಜ್ಜಿ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಅವನು ಯಾರು, ಎಂಥವನು ಅಂತ ಅವಳಿಗೂ ಗೊತ್ತಿರಲಿಲ್ಲ. ಅದು ನೆನಪಾಗಿ ಎದ್ದು ನಿಂತು ಕೇಳಿದೆ: "ಸಾರ್, ಅವನು ಕೆಟ್ಟವನಾಗಿದ್ರೂ ಪೂಜೆ ಮಾಡ್ತಿದ್ರಾ?"

ಮೇಷ್ಟ್ರು ಕ್ಲಿಯೊಮಿಡಿಸನ ಕಥೆ ಹೇಳಿದರು. ಆಸ್ಟಿಪಲಿಯ ದ್ವೀಪದ ಮುಷ್ಟಿಕಾಳಗದವನು. ಒಲಿಂಪಿಯಾದ ಕ್ರೀಡಾಕೂಟದಲ್ಲಿ ಎದುರಾಳಿಯನ್ನು ಕೊಂದುಬಿಟ್ಟ. ಗೆಲುವನ್ನು ಕಿತ್ತುಕೊಂಡರು. ಬುದ್ಧಿ ಕೆಟ್ಟು ಊರಿಗೆ ಬಂದವನು ಶಾಲೆಯ ಕಂಬವನ್ನೇ ಕಿತ್ತು ಬೀಳಿಸಿದ. ಒಳಗೆ ಸುಮಾರು 60 ಮಕ್ಕಳಿದ್ದರು, ಅವರ ಮೇಲೆ ಚಾವಣಿ ಬಿತ್ತು. ಜನ ಕಲ್ಲೆಸೆಯುತ್ತ ಅಟ್ಟಿಸಿಕೊಂಡು ಬಂದಾಗ ಅಥೀನಾ ದೇವಿಯ ಗುಡಿಗೆ ನುಗ್ಗಿ ಪೆಟ್ಟಿಗೆಯೊಂದರಲ್ಲಿ ಅಡಗಿದ. ಪೆಟ್ಟಿಗೆ ಒಡೆದು ನೋಡಿದರೆ ಖಾಲಿ! ದೇವರು ಕಣಿ ಹೇಳುವ ಡೆಲ್ಫಿಯ ಗುಡಿಗೆ ಹೋಗಿ ಕೇಳಿದರೆ, ಅವನೇ ಕೊನೆಯ ಹೀರೋ, ಬಲಿ ಕೊಟ್ಟು ಗೌರವಿಸಿ ಅಂತ ದೇವರ ಅಪ್ಪಣೆಯಾಯಿತು.

ಕ್ಲಾಸೆಲ್ಲ ಸುಮ್ಮನಾಯಿತು. ಆ ಮಕ್ಕಳ ಗತಿ ಏನು ಅಂತ ನನಗೆ ಸಿಟ್ಟೇ ಬಂದಿತ್ತು, ಈಗಲೂ ಬರುತ್ತದೆ. "ಒಳ್ಳೆಯವನು ಅಂತ ಅಲ್ಲ ಕಣಪ್ಪಾ. ಸತ್ತ ಮೇಲೂ ಅವನ ಬಲ ಹೋಗಲ್ಲ ಅನ್ನೋ ಭಯ. ಅದೇ ಬಲ ನಮ್ಮನ್ನ ಕಾಯಲಿ ಅನ್ನೋ ಆಸೆ" ಎಂದರು.

ಮಾರನೇ ದಿನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಏಜಾಕ್ಸ್' ನಾಟಕ ಶುರುವಾಯಿತು. ಬಿಎಂಶ್ರೀಯವರು 1929ರಲ್ಲಿ ಇದನ್ನೇ ಆಧರಿಸಿ 'ಅಶ್ವತ್ಥಾಮನ್' ಬರೆದರು. ಆದರೆ ಮೇಷ್ಟ್ರು ಗ್ರೀಕ್ ಕಥೆಯನ್ನೇ ಹಿಡಿದರು. ಟ್ರಾಯ್ ಯುದ್ಧದಲ್ಲಿ ಸತ್ತ ಗ್ರೀಕ್ ವೀರ ಅಕಿಲಿಸನ ಆಯುಧಗಳು ತನಗೆ ಬರಲಿಲ್ಲ, ತನ್ನದೇ ಪಾಳೆಯದ ಒಡಿಸ್ಸಿಯಸನಿಗೆ ಹೋದವು ಅಂತ ಏಜಾಕ್ಸನಿಗೆ ಉರಿ. ರಾತ್ರಿ ಕತ್ತಿ ಹಿಡಿದು ಸ್ವಂತ ಪಾಳೆಯದ ನಾಯಕರನ್ನೇ ಕಡಿಯಲು ಹೊರಡುತ್ತಾನೆ. ಅಥೀನಾ ಅವನ ಕಣ್ಣಿಗೆ ಮಂಕು ಕವಿಸುತ್ತಾಳೆ. ದನಕುರಿಗಳನ್ನು ಕಡಿದು, ವೈರಿಗಳನ್ನು ಕಡಿದೆ ಅಂದುಕೊಳ್ಳುತ್ತಾನೆ. ನೋಡಿ ನಗು ಅಂತ ದೇವಿ ಒಡಿಸ್ಸಿಯಸನನ್ನು ಕರೆಯುತ್ತಾಳೆ. ಅವನಿಗೆ ನಗು ಬರುವುದಿಲ್ಲ. ವೈರಿಯಾದರೂ ಅಯ್ಯೋ ಅನಿಸುತ್ತದೆ. ನಾಟಕದಲ್ಲಿ ದೇವಿಗಿಂತ ಮನುಷ್ಯನೇ ದೊಡ್ಡವನಾಗಿ ಕಾಣುವ ಗಳಿಗೆ ಅದು.

ಮಂಕು ಹರಿದ ಮೇಲೆ ಏಜಾಕ್ಸ್ ನಾಚಿಕೆ ತಾಳಲಾರದೆ ಕತ್ತಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಬೀಳುತ್ತಾನೆ. ನಾಟಕ ಅಲ್ಲಿಗೆ ನಿಲ್ಲುವುದಿಲ್ಲ. ಮುಂದೆಲ್ಲ ಜಗಳ. ಹೆಣ ಹೂಳುವಂತಿಲ್ಲ, ಕಡಲಹಕ್ಕಿಗಳು ತಿನ್ನಲಿ ಅಂತ ನಾಯಕರು. ಹೂತೇ ತೀರುತ್ತೇನೆ ಅಂತ ತಮ್ಮ ಟ್ಯೂಕರ್.

ಇದನ್ನು ಓದಿದರೆ ಸಾಲದು ಅಂತ ಮೇಷ್ಟ್ರು ಬೆಂಚು ಸರಿಸಿದರು. ನನ್ನ ಹಾಸ್ಟೆಲಿನ ಗೆಳೆಯ ಸಿಮೆಂಟು ನೆಲದ ಮೇಲೆ ಏಜಾಕ್ಸನ ಹೆಣವಾಗಿ ಮಲಗಿದ. ಅವನ ಮೇಲೆ ಮೇಜಿನ ಬಟ್ಟೆ ಹೊದಿಸಿದರು. ಕ್ಲಾಸಿನಲ್ಲಿ ಕುಳ್ಳಗಿದ್ದ ನಾನು ಏಜಾಕ್ಸನ ಪುಟ್ಟ ಮಗ ಯೂರಿಸಾಕಿಸ್. ಟ್ಯೂಕರ್ ಆ ಮಗುವನ್ನು ಹೆಣದ ಪಕ್ಕ ಮಂಡಿಯೂರಿ ಕೂರಿಸುತ್ತಾನೆ. ತನ್ನದು, ಮಗುವಿನ ತಾಯಿಯದು, ಮಗುವಿನದು, ಮೂವರ ಕೂದಲನ್ನೂ ಅದರ ಕೈಗೆ ಕೊಡುತ್ತಾನೆ. ಅಪ್ಪನನ್ನು ಬಿಡಬೇಡ, ಯಾರು ಎಳೆದರೂ ಏಳಬೇಡ ಅನ್ನುತ್ತಾನೆ. ಮೇಷ್ಟ್ರು ಕರಿ ದಾರದ ಮೂರು ಎಳೆ ನನ್ನ ಕೈಯಲ್ಲಿಟ್ಟರು. ಇನ್ನೊಂದು ಕೈ ಗೆಳೆಯನ ಹೆಗಲ ಮೇಲಿತ್ತು. ಬಟ್ಟೆಯ ಕೆಳಗೆ ಅವನ ಉಸಿರು ಏರಿಳಿಯುತ್ತಿದ್ದುದು ಅಂಗೈಗೆ ತಿಳಿಯುತ್ತಿತ್ತು.

ನಾನು ಹಾಗೇ ಕೂತಿದ್ದೆ. ಮೇಷ್ಟ್ರು ಉಳಿದವರಿಗೆ ಹೇಳುತ್ತಿದ್ದರು: "ಈ ನಾಟಕ ನೋಡೋಕೆ ಕೂತಿದ್ದ ಅಥೆನ್ಸಿನವರಿಗೆ ಏಜಾಕ್ಸ್ ಬರೀ ಕಥೆಯಲ್ಲ. ಅವರ ಊರಿನ ಹತ್ತು ಪಂಗಡಗಳಲ್ಲಿ ಒಂದಕ್ಕೆ ಅವನದೇ ಹೆಸರು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಯುದ್ಧದ ಹಡಗುಗಳು ಸಲಾಮಿಸ್ ದ್ವೀಪದ ಹತ್ತಿರ ಬಂದಾಗ, ದೇವರಿಗೆ ಕೈಮುಗಿದ ಮೇಲೆ ಇವನನ್ನೂ ಕೂಗಿ ಕರೆದರು. ಗೆದ್ದ ಮೇಲೆ ಹಿಡಿದ ಹಡಗೊಂದನ್ನ ಇವನಿಗೆ ಕಾಣಿಕೆ ಕೊಟ್ಟರು. ಈಗ ಯೋಚನೆ ಮಾಡಿ. ಹೂಳದೇ ಬಿಟ್ಟರೆ ಸಮಾಧಿ ಎಲ್ಲಿ? ಸಮಾಧಿ ಇಲ್ಲದಿದ್ರೆ ಕಾಯೋನು ಯಾರು?"

ಆಗ ನನಗೆ ಗೊತ್ತಾಯಿತು. ಆ ಮಗು ಹಿಡಿದುಕೊಂಡಿದ್ದು ಅಪ್ಪನನ್ನು ಮಾತ್ರ ಅಲ್ಲ. ಮುಂದೆ ಒಂದು ಊರೇ ಬಂದು ಕೈಮುಗಿಯುವ ಜಾಗವನ್ನು. ಮಂಡಿ ನೋಯುತ್ತಿತ್ತು, ಆದರೂ ಅಲ್ಲಾಡಲಿಲ್ಲ.

ಬೆಲ್ ಹೊಡೆಯಿತು. ಹೊರಗೆ ಬೇರೆ ಕ್ಲಾಸಿನವರ ಗದ್ದಲ. ಗೆಳೆಯ ಬಟ್ಟೆ ಸರಿಸಿ ಕಣ್ಣು ಬಿಟ್ಟ. ನಾನೂ ಏಳಲು ಹೋದೆ.

"ಏಳಬೇಡ ಕಣೋ," ಮೇಷ್ಟ್ರ ದನಿ ನಡುಗುತ್ತಿತ್ತು. "ಇನ್ನೂ ಒಡಿಸ್ಸಿಯಸ್ ಬಂದಿಲ್ಲ. ಅವನು ಬಂದು ಹೂಳಿ ಅಂತ ಹೇಳಬೇಕು."

ಯಾರೂ ಏಳಲಿಲ್ಲ.